ಗಾಳಿಬೀಡಿನಿಂದ ಕಡಲಿಗೆ ಗಾಳ

(ಬಾನುಲಿ ಭಾಷಣ)

ಗಾಳಿಬೀಡು ಎಂಬ ಹೆಸರನ್ನು ಕೇಳಿದವರು ಮೊದಲು ಅದರ ಅರ್ಥವನ್ನು ವಿಚಾರಿಸುತ್ತಾರೆ. ಅರ್ಥ ಹೆಸರಿನಲ್ಲಿಯೇ ಇದೆ. ಗಾಳಿ ಬೀಡುಬಿಟ್ಟ ಊರು. ಮಡಿಕೇರಿಗೆ ಸಮೀಪದಲ್ಲಿ, ಘಟ್ಟದ ಅಂಚಿನಲ್ಲಿ, ಸಮುದ್ರ ಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಕಾಫಿ, ಏಲಕ್ಕಿ, ಮಳೆ, ಮಂಜು ಎಲ್ಲವೂ ಧಾರಾಳವಾಗಿವೆ; ಕಡಲು ಮಾತ್ರ ಇಲ್ಲ. ಹೀಗಿರುವಾಗ ಇಲ್ಲಿನವನೊಬ್ಬ ಚಿಕ್ಕ ದೋಣಿಯಲ್ಲಿ ಕುಳಿತು ಉಪ್ಪುನೀರಿನಲ್ಲಿ ಗಾಳ ಹಾಕುವ ಹವ್ಯಾಸವನ್ನು ಕುರಿತು ಮಾತನಾಡಹೊರಟರೆ ಕೇಳುವವರಿಗೆ ವಿಚಿತ್ರವೆನಿಸುವುದು ಸಹಜ. ನಮ್ಮ ಮನೆಯವರಿಗೂ ಮೊದಮೊದಲು ಹಾಗೆಯೇ ಅನಿಸಿತ್ತು.

ಆದರೆ ನಮ್ಮ ಬೆಟ್ಟದ ಸಾಲಿಗೂ ಕಡಲಿಗೂ ಒಂದು ಹಳೆಯ ವ್ಯವಹಾರವಿದೆ. ಈ ಸಾಲು ನೀರನ್ನು ಎರಡಾಗಿ ಹಂಚುತ್ತದೆ. ಮೂಡಣ ಮಗ್ಗುಲಿಗೆ ಬಿದ್ದ ಮಳೆ ಹಾರಂಗಿಯನ್ನೂ ಅದರ ಮೂಲಕ ಕಾವೇರಿಯನ್ನೂ ಸೇರಿ, ಮೈಸೂರು ಸೀಮೆಯನ್ನೂ ತಮಿಳುನಾಡನ್ನೂ ಹಾದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಡುವಣ ಮಗ್ಗುಲಿನ, ಎಂದರೆ ಮೊಣ್ಣಂಗೇರಿ, ಜೋಡುಪಾಲಗಳ ಕಡೆಯ ನೀರು ಪಯಸ್ವಿನಿಯಾಗಿ ಸಂಪಾಜೆ, ಸುಳ್ಯಗಳ ಮೂಲಕ ಇಳಿದು, ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯೆನಿಸಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಒಂದೇ ಮಾಡಿನ ಎರಡು ಸೂರುಗಳಿಂದ ಇಳಿದ ನೀರಿನಲ್ಲಿ ಒಂದರದು ದೇಶಾಂತರ ಯಾತ್ರೆ, ಇನ್ನೊಂದರದು ನೂರು ಚಿಲ್ಲರೆ ಕಿಲೋಮೀಟರುಗಳ ಅವಸರದ ಇಳಿತ. ನಾನು ಹಿಡಿದದ್ದು ಈ ಎರಡನೆಯ ದಾರಿಯನ್ನು. ಶಾಲೆಯ ಪಾಠ ಹೇಳುವ ಕೆಲಸದಿಂದ ಬಿಡುವು ದೊರೆತ ಮೇಲೆ, ವರ್ಷಕ್ಕೆ ಆರೇಳು ಸಲವಾದರೂ ಘಟ್ಟವಿಳಿದು ಚಂದ್ರಗಿರಿಯ ಅಳಿವೆಗೆ ಹೋಗಿ, ಅಲ್ಲಿ ನನಗಿಂತ ಹಿರಿಯರಾದ ಬೆಸ್ತರೊಬ್ಬರ ದೋಣಿಯಲ್ಲಿ ಒಂದು ಹಗಲನ್ನು ಕಳೆದು ಬರುತ್ತೇನೆ. ನಾನು ಅವರನ್ನು ಅಣ್ಣ ಎನ್ನುತ್ತೇನೆ; ಅವರು ನನ್ನನ್ನು ಮಾಷ್ಟ್ರೇ ಎನ್ನುತ್ತಾರೆ. ಅವರಿಗೆ ಅದು ಹೊಟ್ಟೆಪಾಡು, ನನಗೆ ಹವ್ಯಾಸ. ಈ ಅಂತರವನ್ನು ಮರೆಯದೆ ಮುಂದಿನ ಮಾತುಗಳನ್ನು ಆಡಬೇಕಾಗಿದೆ.

ಹೊಳೆ ಇಳಿಯುವ ದಾರಿಯಲ್ಲಿ ಭಾಷೆಯೂ ಬದಲಾಗುತ್ತ ಹೋಗುವುದನ್ನು ಸಾಹಿತ್ಯಾಸಕ್ತರು ಗಮನಿಸಬಹುದು. ನಮ್ಮಲ್ಲಿ ಅರೆಭಾಷೆ, ಅದು ಸುಳ್ಯದವರೆಗೂ ನಮ್ಮ ಜೊತೆಗೇ ಬರುತ್ತದೆ. ಆಮೇಲೆ ತುಳು, ಮುಂದೆ ಮಲಯಾಳ, ಇವೆಲ್ಲದರ ಜೊತೆಗೆ ಕನ್ನಡ. ಮೀನಿನ ಹೆಸರುಗಳೂ ಹಾಗೆಯೇ. ತುಳುವರ ಬೂತಾಯಿ ಮಲಯಾಳಿಗಳಿಗೆ ಮತ್ತಿ; ಬಂಗುಡೆ ಅವರಿಗೆ ಅಯಲ; ನಮ್ಮ ಅಂಜಲ್ ಅವರಿಗೆ ಅಯಕ್ಕೂರ. ಕಾಸರಗೋಡಿನ ದೋಣಿಯಲ್ಲಿ ಒಂದೇ ಮೀನನ್ನು ಒಂದೇ ಮುಂಜಾನೆ ಮೂರು ಹೆಸರುಗಳಿಂದ ಕರೆಯುವುದನ್ನು ಕೇಳಿದ್ದೇನೆ. ಮೀನಿಗೆ ಅದರಿಂದ ಯಾವ ಬಾಧೆಯೂ ಇಲ್ಲ.

ಗಾಳದ ಹವ್ಯಾಸವನ್ನು ಪುಸ್ತಕಕ್ಕೆ ಇಳಿಸಿದ ಕೀರ್ತಿ ನಮ್ಮ ಕರಾವಳಿಗೆ ಸಲ್ಲುತ್ತದೆಯೆಂಬುದು ಹೆಚ್ಚು ಜನರಿಗೆ ತಿಳಿದ ವಿಷಯವಲ್ಲ. ಹೆನ್ರಿ ಸಲಿವನ್ ಥಾಮಸ್ ಎಂಬ ಆಂಗ್ಲ ಅಧಿಕಾರಿ ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದವನು. 'ದಿ ರಾಡ್ ಇನ್ ಇಂಡಿಯಾ' ಎಂಬ ಅವನ ಗ್ರಂಥ 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು, 1870ರಲ್ಲಿ, ಇದೇ ಜಿಲ್ಲೆಯ ಮೀನು ಸಂಪತ್ತನ್ನು ಕುರಿತ ಅವನ ವರದಿಯೂ ಹೊರಬಂದಿತ್ತು. ಹೊಳೆಗಳಿಗೆ ವಿಷ ಹಾಕಿ, ಸಣ್ಣ ಕಣ್ಣಿನ ಬಲೆ ಒಡ್ಡಿ, ಮರಿಗಳನ್ನೆಲ್ಲ ಬಾಚಿಕೊಳ್ಳುವ ಪದ್ಧತಿಯ ವಿರುದ್ಧ ದನಿಯೆತ್ತಿದವರಲ್ಲಿ ಅವನೂ ಒಬ್ಬ. ವಿಷವನ್ನೂ ಸಿಡಿಮದ್ದನ್ನೂ ನಿಷೇಧಿಸುವ ಶಾಸನ ಬಂದದ್ದು 1897ರಲ್ಲಿ. ಶಾಸನ ಬಂದು ನೂರು ವರ್ಷ ತುಂಬುವುದಕ್ಕೆ ಒಂದೇ ವರ್ಷ ಉಳಿದಿದ್ದಾಗ, 1996ರಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ದೇವರ ಮೀನುಗಳಿಗೇ ಯಾರೋ ವಿಷ ಹಾಕಿದರು. ಸತ್ತ ಮೀನುಗಳಿಗೆ ಅಲ್ಲಿ ಸ್ಮಾರಕ ಕಟ್ಟಿದ್ದಾರೆ. ನಮ್ಮ ಪಯಸ್ವಿನಿಯ ಸೀಮೆಯಲ್ಲಿಯೂ ತೊಡಿಕಾನದ ಮತ್ಸ್ಯತೀರ್ಥವಿದೆ. ಅಲ್ಲಿ ಮೀನಿಗೆ ಅಕ್ಕಿ ಹಾಕಿ ಕೈಮುಗಿದು, ಹೊಳೆಯ ಕೆಳಗಿನ ತುದಿಯಲ್ಲಿ ಮೀನಿಗೆ ಗಾಳ ಹಾಕುವ ನನ್ನಂಥವರ ಧರ್ಮಸೂಕ್ಷ್ಮವನ್ನು ಇಲ್ಲಿ ಚರ್ಚಿಸುವುದು ಬೇಡ. ಹದಿನೈದು ನಿಮಿಷದಲ್ಲಿ ಮುಗಿಯುವ ವಿಷಯ ಅದಲ್ಲ.

ಸಲಕರಣೆಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಹಿಂದೆ ಒಂದೇ ಮರವನ್ನು ಕೊರೆದು ಮಾಡಿದ ದೋಣಿ, ಹುಟ್ಟು, ಹತ್ತಿಯ ನೂಲು ಇದ್ದವು; ಈಗ ಫೈಬರಿನ ದೋಣಿ, ಹಿಂಬದಿಗೆ ಸಿಕ್ಕಿಸಿದ ಮೋಟರು, ನೈಲಾನಿನ ತಂಗೂಸಿ. ಪೇಟೆಯ ತರುಣರು ಉದ್ದನೆಯ ಕೋಲನ್ನೂ ನೂಲು ಸುತ್ತುವ ರಾಟೆಯನ್ನೂ ತರುತ್ತಾರೆ. ಅಣ್ಣನವರು ಇಂದಿಗೂ ಮರದ ತುಂಡಿಗೆ ಸುತ್ತಿದ ತಂಗೂಸಿಯನ್ನು ಬರಿಗೈಯಲ್ಲಿಯೇ ಬಿಡುತ್ತಾರೆ. ನನಗೂ ಕೈಗಾಳವೇ ಇಷ್ಟ. ಕೋಲು ಮೀನಿನ ಸುದ್ದಿಯನ್ನು ದೂರದಿಂದ ಹೇಳುತ್ತದೆ. ಬೆರಳ ತುದಿಯಲ್ಲಿರುವ ನೂಲು ನೇರವಾಗಿ ಹೇಳುತ್ತದೆ. ಸೀಸದ ಗುಂಡು ಮರಳಿಗೆ ತಾಗಿತೋ, ಕಲ್ಲಿಗೆ ತಾಗಿತೋ, ಎರೆಯನ್ನು ಏಡಿ ಮೆಲ್ಲುತ್ತಿದೆಯೋ ಮೀನು ಮೂಸುತ್ತಿದೆಯೋ ಎಂಬುದೆಲ್ಲ ಹತ್ತಿಪ್ಪತ್ತು ಮಾರು ಆಳದಿಂದ ಬೆರಳಿಗೆ ಬರುತ್ತದೆ. ಸಿಗಡಿ, ಬಂಗುಡೆಯ ತುಂಡು, ಬೊಂಡಾಸ್ ಇವೇ ಸಾಮಾನ್ಯವಾದ ಎರೆಗಳು.

ಇದಕ್ಕಿಂತ ಮುಖ್ಯವಾದದ್ದು ಗಾಳಿ ಮತ್ತು ನೀರಿನ ವೇಳಾಪಟ್ಟಿ. ಮಳೆಗಾಲ ಕಳೆದು ಆಕಾಶ ತಿಳಿಯಾದ ತಿಂಗಳುಗಳಲ್ಲಿ ಕರಾವಳಿಯ ಗಾಳಿ ದಿನಕ್ಕೆರಡು ಸಲ ದಿಕ್ಕು ಬದಲಿಸುತ್ತದೆ. ರಾತ್ರಿಯೆಲ್ಲ ನೆಲ ಬೇಗನೆ ತಣಿಯುತ್ತದೆ, ಕಡಲು ಬೆಚ್ಚಗೆ ಉಳಿಯುತ್ತದೆ. ಆದುದರಿಂದ ಬೆಳಗಿನ ಜಾವ ನೆಲದಿಂದ ಕಡಲಿನತ್ತ ತೆಳುವಾದ ಗಾಳಿ ಹರಿಯುತ್ತದೆ. ಹಗಲು ನೆಲ ಕಾದು ಅದರ ಮೇಲಿನ ಗಾಳಿ ಹಗುರಾಗಿ ಏರಿದಾಗ, ಆ ಜಾಗವನ್ನು ತುಂಬಲು ಕಡಲಿನ ತಂಪು ಗಾಳಿ ಒಳನುಗ್ಗುತ್ತದೆ. ಹಾಯಿಯ ಕಾಲದಲ್ಲಿ ಬೆಸ್ತರ ದಿನಚರಿಯೆಲ್ಲ ಈ ಎರಡು ಗಾಳಿಗಳ ಮೇಲೆ ನಿಂತಿತ್ತು. ಮುಂಜಾವದ ಗಾಳಿ ಅವರನ್ನು ಕರೆದೊಯ್ಯುತ್ತಿತ್ತು, ಮಧ್ಯಾಹ್ನದ ಗಾಳಿ ಮನೆಗೆ ತಲುಪಿಸುತ್ತಿತ್ತು. ಮೋಟರು ಬಂದ ಮೇಲೆ ಈ ಕ್ರಮ ತಪ್ಪಿದೆ. ಆದರೂ ಚಿಕ್ಕ ದೋಣಿಯವನಿಗೆ ಹನ್ನೊಂದು ಗಂಟೆಯ ಮೇಲೆ ಕಡಲು ಕುಣಿಯತೊಡಗುವುದು ತಪ್ಪಿಲ್ಲ. ಬೆಳಕು ಹರಿಯುವ ಮೊದಲು ಹೊರಡಬೇಕು ಎನ್ನುವುದರಲ್ಲಿ ಮೀನಿನ ಹಸಿವಿಗಿಂತ ಗಾಳಿಯ ಲೆಕ್ಕವೇ ಹೆಚ್ಚು.

ಇನ್ನೊಂದು ಲೆಕ್ಕ ಭರತ ಇಳಿತಗಳದು. ನಮ್ಮ ಪಡುಕರಾವಳಿಯಲ್ಲಿ ಸಾಮಾನ್ಯವಾಗಿ ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನವೂ ಸುಮಾರು ಐವತ್ತು ನಿಮಿಷ ತಡ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯಚಂದ್ರರ ಸೆಳೆತ ಒಂದೇ ಸಾಲಿಗೆ ಬರುವುದರಿಂದ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ; ಅಷ್ಟಮಿಯ ಹೊತ್ತಿಗೆ ಆ ಸೆಳೆತಗಳು ಒಂದನ್ನೊಂದು ಅಡ್ಡಗಟ್ಟಿ ನೀರು ಮಂದವಾಗುತ್ತದೆ. ಗಡಿಯಾರ ಕಟ್ಟದ ಬೆಸ್ತನೂ ತಿಥಿಯನ್ನು ಮರೆಯುವುದಿಲ್ಲ. ನಾವು ಮದುವೆ ಗೃಹಪ್ರವೇಶಗಳಿಗೆ ತೆರೆಯುವ ಪಂಚಾಂಗವನ್ನು ಅವನು ಇಂದು ನೀರು ಎತ್ತ ಹರಿಯುತ್ತದೆಯೆಂದು ತಿಳಿಯಲು ತೆರೆಯುತ್ತಾನೆ.

ಕಡಲಿನ ತಳ ಎಲ್ಲೆಡೆ ಒಂದೇ ಬಗೆಯದಲ್ಲ. ಮರಳು, ಕೆಸರು, ಅವುಗಳ ನಡುವೆ ಅಲ್ಲಲ್ಲಿ ಮುಳುಗಿದ ಬಂಡೆಗಳು. ಮೀನು ನೆಲೆಸುವುದು ಬಂಡೆಯ ಸುತ್ತ. ಆದರೆ ಮೇಲೆ ನೋಡಿದರೆ ಎಲ್ಲವೂ ಒಂದೇ ನೀಲಿ. ಈಗ ಉಪಗ್ರಹದ ಸಹಾಯದಿಂದ ಜಾಗ ತೋರಿಸುವ ಪೆಟ್ಟಿಗೆಗಳಿವೆ. ಹಿಂದಿನವರ ವಿದ್ಯೆ ಬೇರೆ. ದಡದ ಒಂದು ಗುರುತನ್ನು, ಉದಾಹರಣೆಗೆ ಒಂದು ಮಸೀದಿಯ ಗೋಪುರವನ್ನು, ಅದರ ಹಿಂದಿನ ಬೆಟ್ಟದ ಒಂದು ತುದಿಗೆ ಹೊಂದಿಸಿಕೊಂಡು ದೋಣಿ ನಡೆಸುವುದು. ಇನ್ನೊಂದು ದಿಕ್ಕಿನಲ್ಲಿ ಬೇರೆ ಎರಡು ಗುರುತುಗಳು ಒಂದರ ಹಿಂದೆ ಒಂದು ಬಂದು ನಿಂತಾಗ ಲಂಗರು ಬಿಡುವುದು. ಎರಡು ಸಾಲುಗಳು ಕೂಡಿದ ಬಿಂದುವಿನ ಕೆಳಗೆ ಬಂಡೆ. ಗುರುತುಗಳು ಒಂದಕ್ಕೊಂದು ಎಷ್ಟು ದೂರವಿದ್ದರೆ ಅಷ್ಟು ಕರಾರುವಾಕ್ಕು. ಆದ್ದರಿಂದಲೇ ಘಟ್ಟದ ಶಿಖರಗಳಿಗೆ ಕಡಲಿನಲ್ಲಿ ಬೆಲೆ. ಕುದುರೆಮುಖಕ್ಕೆ ಆ ಹೆಸರು ಬಂದದ್ದು ಅದರ ಆಕಾರದಿಂದ. ನಾವಿಕರಿಗೆ ಅದು ಬಹು ಹಿಂದಿನಿಂದಲೂ ದಿಕ್ಕಿನ ಗುರುತು. ಮಳೆ ತೊಳೆದು ಬಿಟ್ಟ ಮುಂಜಾನೆಗಳಲ್ಲಿ, ಸೂರ್ಯ ಇನ್ನೂ ಬೆಟ್ಟದ ಹಿಂದಿರುವಾಗ, ಕೊಡಗಿನ ಗಡಿಯ ಸಾಲೂ ದೋಣಿಯಿಂದ ಕಪ್ಪು ಗೆರೆಯಾಗಿ ಕಾಣುತ್ತದೆ. 1712 ಮೀಟರ್ ಎತ್ತರದ ಪುಷ್ಪಗಿರಿಯಂಥ ಶಿಖರವನ್ನು ಭೂಮಿಯ ಬಾಗು ಮರೆಮಾಡುವುದು ನೂರನಲವತ್ತು ಕಿಲೋಮೀಟರುಗಳಾಚೆ. ಅಷ್ಟರೊಳಗೆ ಅದನ್ನು ಮುಚ್ಚುವುದು ಮಬ್ಬು ಮಾತ್ರ. ನಮ್ಮವರು ಬೆಟ್ಟದ ಮೇಲೆ ನಿಂತು ಕಡಲು ಕಂಡಿತೆಂದು ಸಂಭ್ರಮಿಸುತ್ತಾರೆ. ಕಡಲಿನವರಿಗೆ ಬೆಟ್ಟ ಕಾಣುವುದು ಸಂಭ್ರಮದ ವಿಷಯವಲ್ಲ, ದಿನದ ಕೆಲಸದ ಒಂದು ಭಾಗ.

ಈಗ ಮೀನುಗಳಿಗೆ ಬರೋಣ. ಗಾಳಕ್ಕೆ ಸಿಗುವ ಪ್ರತಿಯೊಂದು ಮೀನಿಗೂ ಒಂದು ಸ್ವಭಾವವಿದೆ. ಕಾಣೆ ಮರಳಿನ ತಳದ ನಾಜೂಕಿನ ಮೀನು. ಸಣ್ಣ ಗಾಳ, ಸಿಗಡಿಯ ಚೂರು, ಬೆರಳಿಗೆ ಬರುವುದು ಎರಡು ಮೆಲ್ಲನೆಯ ತಟ್ಟುಗಳು ಮಾತ್ರ. ಬಂಗುಡೆಗೆ ಇಂಥ ಸಂಕೋಚವಿಲ್ಲ. ಹಿಂಡು ದೋಣಿಯ ಕೆಳಗೆ ಬಂದರೆ ಒಂದೇ ನೂಲಿಗೆ ಕಟ್ಟಿದ ನಾಲ್ಕೈದು ಗಾಳಗಳಿಗೂ ಒಟ್ಟಿಗೇ ಸಿಕ್ಕಿಕೊಳ್ಳುತ್ತದೆ. ಅಂಜಲ್ ಕಣ್ಣಿನಿಂದ ಬೇಟೆಯಾಡುವ ವೇಗದ ಮೀನು. ಅದನ್ನು ನಿಂತ ದೋಣಿಯಿಂದ ಹಿಡಿಯುವುದಕ್ಕಿಂತ, ಹೊಳೆಯುವ ಲೋಹದ ಪಟ್ಟಿಯನ್ನು ಓಡುವ ದೋಣಿಯ ಹಿಂದೆ ಎಳೆದುಕೊಂಡು ಹೋಗಿ ಮರುಳುಗೊಳಿಸುವುದು ಸುಲಭ. ಅದರ ಹಲ್ಲು ಕತ್ತರಿಯಂತೆ. ಗಾಳದ ಬಳಿ ಒಂದು ಗೇಣು ಉಕ್ಕಿನ ತಂತಿ ಇಲ್ಲದಿದ್ದರೆ ಗಾಳವೂ ಹೋಗುತ್ತದೆ, ಮೀನೂ ಹೋಗುತ್ತದೆ.

ಮುರು ಎಂಬ ಬಂಡೆಮೀನು ಇವೆಲ್ಲಕ್ಕಿಂತ ಹಠಮಾರಿ. ಅದು ಬಂಡೆಯ ಪೊಟರೆಯ ಬಾಯಲ್ಲಿ ಕಾದಿರುತ್ತದೆ. ಎರೆಯನ್ನು ನುಂಗಿ ಒಳಕ್ಕೆ ತಿರುಗಿ, ಕಿವಿರುಗಳನ್ನು ಅಗಲಿಸಿ ಗೋಡೆಗೆ ಬೆಣೆಯಂತೆ ಸಿಕ್ಕಿಸಿಕೊಂಡರೆ ಮತ್ತೆ ಯಾರ ಕೈಯೂ ನಡೆಯುವುದಿಲ್ಲ. ಮೊದಲ ಎರಡು ಮಾರು ನೂಲನ್ನು ಉಸಿರು ಬಿಡದೆ ಎಳೆದುಕೊಂಡವನಿಗೆ ಮಾತ್ರ ಮುರು. ಈ ಮೀನಿನ ವಿಷಯದಲ್ಲಿ ಇನ್ನೊಂದು ವಿಸ್ಮಯವಿದೆ. ಈ ಜಾತಿಯ ಹೆಚ್ಚಿನ ಮೀನುಗಳು ಮೊದಲು ಹೆಣ್ಣಾಗಿ ಬೆಳೆದು, ಮೊಟ್ಟೆಯಿಟ್ಟು, ಕೆಲವು ವರ್ಷಗಳ ಮೇಲೆ ಗಂಡಾಗಿ ಬದಲಾಗುತ್ತವೆ. ಆದುದರಿಂದ ಒಂದು ಬಂಡೆಯ ದೊಡ್ಡ ದೊಡ್ಡ ಮೀನುಗಳನ್ನೆಲ್ಲ ಹಿಡಿದು ಫೋಟೋ ತೆಗೆಸಿಕೊಂಡರೆ ಆ ಬಂಡೆಯಲ್ಲಿ ಗಂಡುಗಳೇ ಇಲ್ಲವಾಗುವ ಸಂಭವವುಂಟು. ಇದಕ್ಕೆ ತದ್ವಿರುದ್ಧವಾಗಿ, ಮಲಯಾಳದಲ್ಲಿ ಕಾಳಾಂಜಿ ಎನ್ನುವ ಮೀನು ಗಂಡಾಗಿ ಬಲಿತು ಮುಂದೆ ಹೆಣ್ಣಾಗುತ್ತದೆ. ಅದರ ಮರಿಗಳು ಹಿನ್ನೀರಿಗೂ ಹೊಳೆಗೂ ಏರಿ ಬೆಳೆದು, ಮೊಟ್ಟೆಯಿಡಲು ಮತ್ತೆ ಅಳಿವೆಯ ಉಪ್ಪುನೀರಿಗೆ ಇಳಿಯುತ್ತವೆ. ಅಲ್ಲಿ ದೊಡ್ಡದನ್ನು ಹಿಡಿದರೆ ತಾಯಿಯನ್ನು ಹಿಡಿದಂತೆ. ಮೀನಿನ ಗಾತ್ರವನ್ನೇ ಗೆಲುವೆಂದು ಎಣಿಸುವ ನಮ್ಮ ಹವ್ಯಾಸಕ್ಕೆ ಈ ಎರಡು ಮೀನುಗಳೂ ಒಡ್ಡಿರುವ ಪ್ರಶ್ನೆ ಸಣ್ಣದಲ್ಲ. ನನ್ನ ಮಟ್ಟಿಗೆ ನಡುಗಾತ್ರದ ಮೀನು ಸಾಕು. ಸಾರಿಗೂ ಅದೇ ರುಚಿ.

ಹಿಡಿದು ಬಿಟ್ಟರಾಯಿತಲ್ಲ ಎಂದು ಕೇಳುವವರಿದ್ದಾರೆ. ಕಾವೇರಿಯಲ್ಲಿ, ವಾಲ್ನೂರಿನ ಕಡೆ, ಬಿಳಿಮೀನನ್ನು ಗಾಳ ಹಾಕಿ ಹಿಡಿದು, ತೂಕ ನೋಡಿ ಮತ್ತೆ ನೀರಿಗೆ ಬಿಡುವ ಪದ್ಧತಿ ಕೊಡಗಿನವರಿಗೆ ಪರಿಚಿತವಾದದ್ದೇ. ಹೊಳೆಯ ಆಳ ಕಡಿಮೆ; ಅಲ್ಲಿ ಅದು ನಡೆಯುತ್ತದೆ. ಕಡಲಿನ ಆಳದ ಮೀನಿಗೆ ಇದು ಅಷ್ಟು ಸರಳವಲ್ಲ. ನೀರಿನಲ್ಲಿ ಹತ್ತು ಮೀಟರ್ ಇಳಿದಂತೆಲ್ಲ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಮೂವತ್ತು ಮೀಟರ್ ಆಳದಲ್ಲಿ ಅದು ಮೇಲ್ಮೈಯ ನಾಲ್ಕರಷ್ಟು. ಆ ಆಳಕ್ಕೆ ಹೊಂದಿಕೊಂಡ ಮುರುವನ್ನು ಸರಸರನೆ ಮೇಲಕ್ಕೆ ಎಳೆದರೆ ಅದರ ಹೊಟ್ಟೆಯೊಳಗಿನ ಗಾಳಿಚೀಲ ನಾಲ್ಕರಷ್ಟು ಹಿಗ್ಗಲು ನೋಡಿ, ಕರುಳನ್ನು ಬಾಯಿಯವರೆಗೆ ನೂಕುತ್ತದೆ. ಅಂಥ ಮೀನನ್ನು ದಯೆಯಿಂದ ನೀರಿಗೆ ಬಿಟ್ಟರೆ ಅದು ಮುಳುಗಲಾರದೆ ತೇಲುತ್ತಿದ್ದು ಹದ್ದಿನ ಪಾಲಾಗುತ್ತದೆ. ಭಾರ ಕಟ್ಟಿದ ಕೊಕ್ಕೆಯಿಂದ ಮತ್ತೆ ಆಳಕ್ಕೆ ಇಳಿಸಿ ಬಿಡಿಸುವ ಉಪಾಯವೊಂದಿದೆ. ಅದು ತಿಳಿಯದವರು ಆಳದ ಬಂಡೆಯಲ್ಲಿ ಬೇಕಾದಷ್ಟೇ ಹಿಡಿದು ಗಾಳವನ್ನು ಸುತ್ತಿಡುವುದು ವಾಸಿ.

ದೋಣಿಗೆ ಎಲ್ಲವನ್ನೂ ಎತ್ತಿಕೊಳ್ಳಬಾರದು ಎಂಬುದೂ ಒಂದು ಪಾಠ. ತೊರಕೆಯ ಬಾಲದಲ್ಲಿ ವಿಷದ ಮುಳ್ಳಿದೆ. ಚುಚ್ಚಿಸಿಕೊಂಡವರು ತಾಳುವಷ್ಟು ಬಿಸಿಯಾದ ನೀರಿನಲ್ಲಿ ಗಾಯವನ್ನು ಅದ್ದಿಟ್ಟರೆ ನೋವು ತಗ್ಗುತ್ತದೆ, ಏಕೆಂದರೆ ಆ ವಿಷ ಶಾಖಕ್ಕೆ ಕೆಡುವ ಜಾತಿಯದು. ಆದರೂ ವೈದ್ಯರ ಬಳಿ ಹೋಗುವುದನ್ನು ತಪ್ಪಿಸುವಂತಿಲ್ಲ. ಮುಟ್ಟಿದರೆ ಚೆಂಡಿನಂತೆ ಊದಿಕೊಳ್ಳುವ ಮೀನೊಂದಿದೆ; ಮಕ್ಕಳಿಗೆ ಬಲು ಮೋಜು, ತಿಂದರೆ ಪ್ರಾಣಕ್ಕೆ ಅಪಾಯ.

ಇಷ್ಟೆಲ್ಲ ಹೇಳಿದರೂ, ಗಾಳದವನು ಕಲಿಯಬೇಕಾದುದರಲ್ಲಿ ಹೆಚ್ಚಿನ ಪಾಲು ಮೀನಿಗಿಂತ ನೀರಿಗೆ ಸಂಬಂಧಪಟ್ಟದ್ದು. ಅದರಲ್ಲಿಯೂ ಅಳಿವೆಯ ನೀರಿಗೆ. ಚಿಕ್ಕ ದೋಣಿಗಳು ಆಪತ್ತಿಗೆ ಸಿಕ್ಕುವುದು ನಡುಗಡಲಿನಲ್ಲಿ ಎಂದು ನಾವು ಒಳನಾಡಿನವರು ಭಾವಿಸುತ್ತೇವೆ. ಬೆಸ್ತರು ಹೆದರುವುದು ಮನೆಬಾಗಿಲಿನಂತಿರುವ ಈ ಅಳಿವೆಗೆ. ಹೊಳೆ ತಂದ ಮರಳು ಕಡಲಿನ ಬಾಯಲ್ಲಿ ದಿಬ್ಬವಾಗಿ ಕೂಡುತ್ತದೆ. ದಿಬ್ಬದ ಮೇಲೆ ನೀರಿನ ಆಳ ಕಡಿಮೆ. ಅಲೆಯ ಎತ್ತರ ಆಳದ ಮುಕ್ಕಾಲು ಭಾಗದಷ್ಟಾದಾಗ ಅಲೆ ನಿಲ್ಲಲಾರದೆ ಮುರಿಯುತ್ತದೆ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರೂ ಭರತದಲ್ಲಿ ಒಳಬಂದಿದ್ದ ನೀರೂ ಒಟ್ಟಾಗಿ ಹೊರಗೆ ರಭಸದಿಂದ ಓಡುತ್ತವೆ. ಎದುರಿನಿಂದ ಬರುವ ಅಲೆ ಆ ಓಟಕ್ಕೆ ಸಿಕ್ಕಿ ಮೋಟಾಗುತ್ತದೆ, ಕಡಿದಾಗುತ್ತದೆ, ಗೋಡೆಯಂತೆ ಎದ್ದು ನಿಲ್ಲುತ್ತದೆ. ಆದುದರಿಂದ ಅಳಿವೆಯನ್ನು ದಾಟುವುದಕ್ಕೆ ಭರತ ಏರುತ್ತಿರುವ ಹೊತ್ತು ಒಳ್ಳೆಯದು, ಇಳಿತದ ನಡುಹೊತ್ತು ಕೆಟ್ಟದ್ದು. ಕಲ್ಲಿನ ತಡೆಗೋಡೆ ಕಟ್ಟಿದ ಅಳಿವೆಗಳಲ್ಲಿಯೂ ಈ ನಿಯಮ ಅಳಿದಿಲ್ಲ. ಬೆಳಿಗ್ಗೆ ಸುಲಭವಾಗಿ ಹೊರಬಂದ ಬಾಗಿಲು ಮಧ್ಯಾಹ್ನ ಮರಳುವಾಗ ಮುಚ್ಚಿರಬಹುದು. ಹೊರಡುವ ಮೊದಲೇ ಮರಳುವ ಹೊತ್ತಿನ ಲೆಕ್ಕ ಹಾಕದವನನ್ನು ಅಣ್ಣನವರು ದೋಣಿಗೆ ಹತ್ತಿಸುವುದಿಲ್ಲ.

ಈ ಮರಳಿನ ದಿಬ್ಬ ಎಲ್ಲಿ ಕೂಡುತ್ತದೆ, ದೋಣಿಯ ದಾರಿ ಎಲ್ಲಿ ಉಳಿಯುತ್ತದೆ ಎಂಬುದನ್ನು ತೀರ್ಮಾನಿಸುವುದರಲ್ಲಿ ನಮ್ಮ ಬೆಟ್ಟಗಳ ಕೈವಾಡವೂ ಇದೆ. 2018ರ ಆಗಸ್ಟಿನ ನಡುವಿನಲ್ಲಿ ಕೊಡಗಿನ ಗುಡ್ಡಗಳು ಕುಸಿದುದು ಎಲ್ಲರ ನೆನಪಿನಲ್ಲಿರಬಹುದು. ಜೋಡುಪಾಲ, ಮೊಣ್ಣಂಗೇರಿಗಳಲ್ಲಿ ಮನೆಗಳು, ತೋಟಗಳು, ಜೀವಗಳು ಹೋದವು. ಸಂಪಾಜೆ ಘಾಟಿಯ ಹೆದ್ದಾರಿ ತಿಂಗಳುಗಟ್ಟಲೆ ಕೆಟ್ಟಿತು. ಕುಸಿದ ಮಣ್ಣು ಹೋಗುವುದಾದರೂ ಎಲ್ಲಿಗೆ? ಪಯಸ್ವಿನಿ ಕೆಂಪಾಗಿ ಹರಿದಳು. ರಸ್ತೆ ತೆರೆದ ಮೇಲೆ ನಾನು ಅಳಿವೆಗೆ ಹೋದಾಗ ಮರಳಿನಲ್ಲಿ ಬುಡಸಹಿತ ಬಂದ ಅಡಿಕೆಮರಗಳಿದ್ದವು. ಅಣ್ಣನವರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ನಿಮ್ಮ ಊರು ಇಲ್ಲಿಗೆ ಬಂದು ಬಿದ್ದಿದೆ ಮಾಷ್ಟ್ರೇ" ಎಂದರು. ಆ ವರ್ಷ ಅವರು ಅಳಿವೆಯ ದಾರಿಯನ್ನು ಹೊಸದಾಗಿ ಕಲಿಯಬೇಕಾಯಿತು. ಪ್ರತಿದಿನ ಗಳುವಿನಿಂದ ಆಳ ನೋಡಿ, ಎಲ್ಲಿ ಮರಳು ಕೂತಿದೆ ಎಲ್ಲಿ ಕೊರೆದಿದೆಯೆಂದು ಗುರುತು ಹಾಕಿಕೊಂಡರು. ಕದಡಿದ ನೀರಿನಲ್ಲಿ ಕಣ್ಣಿನಿಂದ ಬೇಟೆಯಾಡುವ ಅಂಜಲಿನಂಥ ಮೀನುಗಳು ದಡಕ್ಕೆ ಬರುವುದಿಲ್ಲ. ವಾಸನೆಯಿಂದ ಆಹಾರ ಹುಡುಕುವ ತೊರಕೆಯಂಥವು ಬರುತ್ತವೆ. ನಮ್ಮ ಗಾಳಗಳಿಗೆ ಬಿದ್ದವುಗಳನ್ನು ನೋಡಿದರೂ ಘಟ್ಟದ ಮೇಲಿನ ಸುದ್ದಿಯನ್ನು ಊಹಿಸಬಹುದಾಗಿತ್ತು.

ಇದು ಬೆಟ್ಟದಿಂದ ಬರುವ ಸುದ್ದಿಯಾಯಿತು. ಎದುರು ದಿಕ್ಕಿನಿಂದ ಬರುವ ಸುದ್ದಿ ಇನ್ನೂ ಕಠಿಣವಾದದ್ದು. ನಾವು ಗಾಳಿಬೀಡಿನವರು ಗಾಳಿಯನ್ನು ನೋಡಿ ಹವೆಯನ್ನು ಹೇಳುವವರು. ಎಲೆ ಅಲುಗದ ದಿನ ನಮಗೆ ನಿರ್ಭಯದ ದಿನ. ಕಡಲು ಈ ನಂಬಿಕೆಗೆ ಬದ್ಧವಲ್ಲ. ಒಂದು ಏಪ್ರಿಲ್ ಮುಂಜಾನೆ ಗಾಳಿಯ ಸುಳಿವೇ ಇರಲಿಲ್ಲ; ನೀರು ಎಣ್ಣೆ ಹಾಸಿದಂತಿತ್ತು. ಎರೆ, ಗಾಳ, ಕುಡಿಯುವ ನೀರು ಎಲ್ಲವೂ ದೋಣಿಯಲ್ಲಿದ್ದವು. ಅಣ್ಣನವರು ಅಳಿವೆಯ ಬಾಯಿಯ ಬಳಿ ಮೋಟರನ್ನು ನಿಧಾನಗೊಳಿಸಿ ಸುಮ್ಮನೆ ನೋಡುತ್ತ ನಿಂತರು. ಬೆರಳು ಮಡಿಸುತ್ತಿದ್ದರು. ಒಂದು ಅಲೆ ಬಂದು ಹೋದ ಮೇಲೆ ಇನ್ನೊಂದು ಬರುವವರೆಗಿನ ಹೊತ್ತನ್ನು ಅವರು ಎಣಿಸುತ್ತಿದ್ದರೆಂದು ನನಗೆ ಆಮೇಲೆ ತಿಳಿಯಿತು. "ಇವತ್ತು ಬೇಡ ಮಾಷ್ಟ್ರೇ. ಇದು ಕಳ್ಳಕಡಲು" ಎಂದು ದೋಣಿಯನ್ನು ತಿರುಗಿಸಿದರು. ಮಧ್ಯಾಹ್ನದ ಹೊತ್ತಿಗೆ, ಗಾಳಿ ಇಲ್ಲದ ಆ ಬಿಸಿಲಿನಲ್ಲಿ, ನೀರು ಮರಳನ್ನು ಏರಿ ತೆಂಗಿನ ಬುಡಗಳನ್ನು ತೊಳೆದು, ದಡದಲ್ಲಿ ಎಳೆದಿಟ್ಟಿದ್ದ ಬಲೆಗಳನ್ನು ಕೊಂಡೊಯ್ದಿತು. ಹೆಂಗಸರು ಮನೆಯ ಪಾತ್ರೆಪಡಗಗಳನ್ನು 'ರಸ್ತೆಗೆ ತಂದಿಟ್ಟು' ಕಡಲನ್ನೇ ನೋಡುತ್ತ ಕುಳಿತಿದ್ದರು.

ಕಳ್ಳಕಡಲು ಎಂಬುದು ಕೇರಳದ ಬೆಸ್ತರು ಕೊಟ್ಟ ಹೆಸರು. ಕಳ್ಳನಂತೆ ಸದ್ದಿಲ್ಲದೆ ಬರುವುದರಿಂದ ಹಾಗೆಂದರು. ಯುನೆಸ್ಕೊ ಸಂಸ್ಥೆ 2012ರಲ್ಲಿ ಈ ಮಾತನ್ನೇ ಶಾಸ್ತ್ರೀಯ ಬಳಕೆಗೆ ಅಂಗೀಕರಿಸಿತು. ಇದರ ಮೂಲ ನಮ್ಮ ಕಡಲಿನಲ್ಲಿಲ್ಲ. ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ, ಅಂಟಾರ್ಕ್ಟಿಕದ ದಿಕ್ಕಿನಲ್ಲಿ, ಭಾರಿ ಬಿರುಗಾಳಿಗಳು ಎಬ್ಬಿಸಿದ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ ಕೆಲವು ದಿನಗಳ ಮೇಲೆ ನಮ್ಮ ದಡಕ್ಕೆ ಬರುತ್ತವೆ. ಹತ್ತಿರದ ಗಾಳಿ ಎಬ್ಬಿಸುವ ಅಲೆಗಳ ನಡುವೆ ಐದಾರು ಸೆಕೆಂಡುಗಳ ಅಂತರವಿದ್ದರೆ, ಇವುಗಳ ನಡುವೆ ಹದಿನೈದಕ್ಕೂ ಮೀರಿದ ಅಂತರ. ಈ ಅಂತರದಲ್ಲಿಯೇ ಎಲ್ಲವೂ ಅಡಗಿದೆ. ಆಳವಾದ ನೀರಿನಲ್ಲಿ ಆರು ಸೆಕೆಂಡಿನ ಅಲೆಯ ಉದ್ದ ಸುಮಾರು 56 ಮೀಟರ್. ಹದಿನೆಂಟು ಸೆಕೆಂಡಿನದು ಸುಮಾರು 500 ಮೀಟರ್. ಅಲೆಯೊಂದು ತನ್ನ ಉದ್ದದ ಅರ್ಧದಷ್ಟು ಆಳದವರೆಗೆ ನೀರನ್ನು ಕಲಕುತ್ತದೆ. ಉದ್ದನೆಯ ಅಲೆ ನಡುಗಡಲಿನಲ್ಲಿ ತಗ್ಗಾಗಿ, ಕಣ್ಣಿಗೆ ಬೀಳದಂತೆ ಸಾಗಿಬಂದು, ತಳ ಮೇಲೇರುತ್ತಿದ್ದಂತೆ ವೇಗ ಕಳೆದುಕೊಂಡು ಎತ್ತರವಾಗುತ್ತದೆ. ಹೊರಗೆ ದೋಣಿಯಲ್ಲಿರುವವನಿಗೆ ತೊಟ್ಟಿಲ ತೂಗು, ಅಳಿವೆಯಲ್ಲಿರುವವನಿಗೆ ಗೋಡೆ. 2024ರ ಮಾರ್ಚ್ 31ರಂದು ದಕ್ಷಿಣ ಕೇರಳದ ದಡಗಳಲ್ಲಿ ಕಡಲು ಮನೆಗಳಿಗೆ ನುಗ್ಗಿದ್ದು ಹೀಗೆಯೇ. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಕೇಂದ್ರ ಈಗ ಇಂಥ ಅಲೆಗಳ ಮುನ್ಸೂಚನೆಯನ್ನು ಕೊಡುತ್ತದೆ. ಅದನ್ನು ಮೊಬೈಲಿನಲ್ಲಿ ನೋಡದೆ ನಾನು ಮಡಿಕೇರಿಯಿಂದ ಬಸ್ಸು ಹತ್ತುವುದಿಲ್ಲ. ಅಣ್ಣನವರ ಮಗನೂ ನೋಡುತ್ತಾನೆ. ಅಣ್ಣನವರು ಮಾತ್ರ ಇಬ್ಬರ ಮಾತನ್ನೂ ಕೇಳಿಸಿಕೊಂಡು, ಆಮೇಲೆ ಅಳಿವೆಯ ಬಾಯಲ್ಲಿ ನಿಂತು ಬೆರಳು ಮಡಿಸುತ್ತಾರೆ. ತೇಲುಅಂಗಿಯನ್ನು ಅವರು ಬಹುಕಾಲ ತೊಡಲಿಲ್ಲ, ಸೆಖೆಯೆಂಬುದು ನೆಪ. ಮೊಮ್ಮಗ ಹುಟ್ಟಿದ ವರ್ಷದಿಂದ ತೊಡುತ್ತಿದ್ದಾರೆ. ಕಾರಣವನ್ನು ನಾನು ಕೇಳಿಲ್ಲ.

ಹಿಡಿದದ್ದನ್ನು ಹಂಚಿಕೊಳ್ಳುವ ವಿಷಯ ಉಳಿಯಿತು. ಕೇರಳ ಸರಕಾರ 2015ರಲ್ಲಿ ಕೆಲವು ಮೀನುಗಳಿಗೆ ಕನಿಷ್ಠ ಅಳತೆಯನ್ನು ಗೊತ್ತುಮಾಡಿತು. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಅಣ್ಣನವರ ದೋಣಿಯ ಅಂಚಿನಲ್ಲಿ ಚೂರಿಯಿಂದ ಗೀರಿದ ಎರಡು ಗುರುತುಗಳಿವೆ. ಅದಕ್ಕಿಂತ ಗಿಡ್ಡದಾದುದು ಮತ್ತೆ ನೀರಿಗೆ. ಮಾರುವ ಬೆಲೆಯುಳ್ಳ ಮೀನೆಲ್ಲ ಅವರದು, ನನ್ನ ಗಾಳಕ್ಕೆ ಬಿದ್ದಿದ್ದರೂ ಸರಿಯೇ. ದೋಣಿಯ ಬಾಡಿಗೆಯ ಮೇಲೆ ಇದು ನಮ್ಮಿಬ್ಬರ ಒಪ್ಪಂದ. ನನ್ನ ಪಾಲಿಗೆ ಸಾರಿಗಾಗುವಷ್ಟು. ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಸುಳ್ಯದ ಮೇಲಿನ ದಾರಿಯಿಂದ ಘಟ್ಟ ಹತ್ತಿ ರಾತ್ರಿಯೊಳಗೆ ಮನೆ ಸೇರುತ್ತೇನೆ.

ಸಾರಿಗೆ ಹುಳಿ ಯಾವುದು ಎಂಬುದರಲ್ಲಿ ನಮಗೂ ಅಣ್ಣನವರ ಮನೆಯವರಿಗೂ ಭಿನ್ನಾಭಿಪ್ರಾಯವಿದೆ. ನಮ್ಮ ಕೊಡಗಿನಲ್ಲಿ ಕಾಡುಹಣ್ಣಿನ ರಸವನ್ನು ಕಪ್ಪಾಗುವವರೆಗೆ ಕಾಯಿಸಿ ಕಾಚಂಪುಳಿ ಮಾಡುತ್ತೇವೆ. ಎರಡು ಚಮಚ ಸಾಕು. ಅಲ್ಲಿ ಅದೇ ಹಣ್ಣಿನ ಸಿಪ್ಪೆಯನ್ನು ಒಣಗಿಸಿ ಹೊಗೆಯಲ್ಲಿಟ್ಟು ಕುಡಂಪುಳಿ ಎನ್ನುತ್ತಾರೆ. ಒಂದು ಸಲ ನಾನು ಒಂದು ಸಣ್ಣ ಸೀಸೆ ಕಾಚಂಪುಳಿಯನ್ನು ಅವರ ಮನೆಗೆ ಒಯ್ದಿದ್ದೆ. ಅಣ್ಣನವರ ಹೆಂಡತಿ ಮೂಸಿ ನೋಡಿ, ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು, ಹಂದಿಗಾದರೆ ಇದು ಸರಿಯಾದೀತು, ಅಯಕ್ಕೂರಕ್ಕೆ ಬೇಡ ಎಂದು ತೀರ್ಪು ಕೊಟ್ಟರು. ಸೀಸೆಯನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ.